ಬಾಲ್ಯದ ಪೆಟ್ಟು, ಹರೆಯದ ಮೈ: ಕೊಪ್ಪಳ ಸೀಮೆಯ ಮಕ್ಕಳ ಆರೋಗ್ಯ ಕುರಿತು



ನಮ್ಮ ಕಡೆಯ ದತ್ತಿ ಉಪನ್ಯಾಸವೆಂದರೆ ಶಾಸನ, ವಚನ, ತತ್ವಪದಗಳ ಮಾತು ಬರುವುದು ವಾಡಿಕೆ. ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳನ್ನು ಇಟ್ಟುಕೊಂಡ ಊರಿನಲ್ಲಿ ಅದು ಸಹಜವೂ ಹೌದು. ಈ ಸಲ ಸಂಘಟಕರು ಮಕ್ಕಳ ಆರೋಗ್ಯದ ವಿಷಯ ಕೊಟ್ಟಿದ್ದಾರೆ. ಅದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ.

ಬಾಲ್ಯದಲ್ಲಿ ಬಿದ್ದ ಪೆಟ್ಟು ಹರೆಯದಲ್ಲೂ ಅದರಾಚೆಗೂ ಕಾಯಿಲೆಯಾಗಿ ತಲೆ ಎತ್ತುತ್ತದೆ ಎಂಬುದನ್ನು ವೈದ್ಯಲೋಕ ಈಗ ಒಪ್ಪಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಕ್ಕಳಿಗೆ ಆ ಪೆಟ್ಟು ಎಲ್ಲಿಂದ ಬೀಳುತ್ತದೆ ಎಂಬುದು ನನ್ನ ಇವತ್ತಿನ ಪ್ರಶ್ನೆ. ಅದರ ಬಹುಪಾಲು ಹೊಸ್ತಿಲ ಹೊರಗಿನಿಂದ ಮನೆಯೊಳಗೆ ಬರುತ್ತದೆ ಎಂಬುದು ನನ್ನ ವಾದ. ಹಾಗಿದ್ದರೆ ನಾವು ಲೆಕ್ಕ ಇಡಬೇಕಾದದ್ದು ಒಂದೊಂದು ಮಗುವಿನ ಸಂಕಟಗಳದ್ದಲ್ಲ, ಊರಿನದ್ದು.

1. ಸ್ಯಾನ್ ಡಿಯೇಗೊದ ಲೆಕ್ಕ

1985ರ ಸುಮಾರಿಗೆ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಬೊಜ್ಜು ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಕೂರಿಸಿ ಮಾತನಾಡಿಸಿದರೆ, ಹಲವರು ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರು. ಕೆಲವರಿಗೆ ದಪ್ಪ ಮೈಯೇ ಒಂದು ರಕ್ಷಣೆಯಾಗಿತ್ತು. ವೈದ್ಯರು ಯಾವುದನ್ನು ಕಾಯಿಲೆ ಎಂದುಕೊಂಡಿದ್ದರೋ ಅದು ರೋಗಿಯ ಪಾಲಿಗೆ ಉಪಾಯವಾಗಿತ್ತು.

ಫೆಲಿಟಿ ಮುಂದೆ ರಾಬರ್ಟ್ ಆಂಡಾ ಎಂಬ ಸಂಶೋಧಕರೊಡನೆ ಅಲ್ಲೇ ದೊಡ್ಡ ಅಧ್ಯಯನ ಕೈಗೊಂಡರು. 1998ರಲ್ಲಿ ಪ್ರಕಟವಾದ ಮೊದಲ ಪ್ರಬಂಧದಲ್ಲಿ 9,508 ಜನರ ಉತ್ತರಗಳಿವೆ. ಬೈಗುಳ, ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ಹಲ್ಲೆ, ಮನೆಯಲ್ಲಿ ಕುಡುಕರು, ಮಾನಸಿಕ ಕಾಯಿಲೆಯವರು, ಜೈಲಿಗೆ ಹೋದವರು ಎಂದು ಏಳು ಬಗೆ ಮಾಡಿ ಕೇಳಿದರು. ಮುಂದೆ ಪಟ್ಟಿ ಹತ್ತಕ್ಕೆ ಬೆಳೆಯಿತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಾದರೂ ಅನುಭವ ಆಗಿತ್ತು. ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವ ಆದವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಒಂದೂ ಆಗದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

2017ರಲ್ಲಿ ಇಂಥ 37 ಅಧ್ಯಯನಗಳನ್ನು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ಸಂಬಂಧ ಎಲ್ಲ ಕಡೆ ಒಂದೇ ಸಮನಾಗಿಲ್ಲ ಎಂದು ಅದು ತೋರಿಸಿತು. ಬೊಜ್ಜು, ಸಕ್ಕರೆ ಕಾಯಿಲೆಯೊಡನೆ ನಂಟು ತೆಳು. ಧೂಮಪಾನ, ಹೃದಯದ ಕಾಯಿಲೆಯೊಡನೆ ಮಧ್ಯಮ. ಮಾನಸಿಕ ಕಾಯಿಲೆಯೊಡನೆ ಗಟ್ಟಿ. ಮಾದಕ ವ್ಯಸನ ಮತ್ತು ತನ್ನ ಮೇಲೋ ಇನ್ನೊಬ್ಬರ ಮೇಲೋ ಮಾಡುವ ಹಿಂಸೆಯೊಡನೆ ಎಲ್ಲಕ್ಕಿಂತ ಗಟ್ಟಿ.

ಸ್ಯಾನ್ ಡಿಯೇಗೊದಲ್ಲಿ ಉತ್ತರ ಕೊಟ್ಟವರು ಹೆಚ್ಚಾಗಿ ಬಿಳಿಯರು, ಓದಿದವರು, ಆರೋಗ್ಯ ವಿಮೆ ಉಳ್ಳವರು. ಅವರ ಪಟ್ಟಿಯ ಹೆಚ್ಚಿನ ಸಾಲುಗಳು ಮನೆಯ ನಾಲ್ಕು ಗೋಡೆಯೊಳಗಿನವು. ನಮ್ಮ ದೇಶದಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳ ಕಂಡವರು. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

2. ಮೈಯೊಳಗೆ ಏನಾಗುತ್ತದೆ

ಮಗು ಅಂಜಿದಾಗ ಮಿದುಳು ಅಡ್ರಿನಲ್ ಗ್ರಂಥಿಗೆ ಸುದ್ದಿ ಕಳಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಸಕ್ಕರೆ ಅಂಶ ಏರುತ್ತದೆ, ಓಡಲು ಇಲ್ಲವೆ ಎದುರಿಸಲು ಮೈ ಸಜ್ಜಾಗುತ್ತದೆ. ಅವ್ವ ಬಂದು ಎತ್ತಿಕೊಂಡರೆ ಎಲ್ಲ ಇಳಿಯುತ್ತದೆ. ಇಂಥ ಒತ್ತಡ ಬೆಳವಣಿಗೆಯ ಭಾಗ, ಅದರಿಂದ ಕೇಡಿಲ್ಲ.

ಅಂಜಿಕೆ ದಿನಾ ಬಂದರೆ, ಸಮಾಧಾನ ಮಾಡುವವರು ಯಾರೂ ಇಲ್ಲದಿದ್ದರೆ ಕಥೆ ಬೇರೆ. ಸದಾ ಒತ್ತಿಟ್ಟ ಹಾರ್ನಿನ ಹಾಗೆ ಈ ವ್ಯವಸ್ಥೆ ನಿಲ್ಲದೆ ಕೂಗುತ್ತದೆ. ಭಯ ಗುರುತಿಸುವ ಅಮಿಗ್ಡಲಾ ಅತಿ ಚುರುಕಾಗುತ್ತದೆ. ನೆನಪಿಗೆ ಆಸರೆಯಾದ ಹಿಪ್ಪೊಕ್ಯಾಂಪಸ್, ದುಡುಕನ್ನು ತಡೆಯುವ ಮುಂಭಾಗದ ಮಿದುಳು ಇವುಗಳ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ರೋಗನಿರೋಧಕ ವ್ಯವಸ್ಥೆಯೂ ಕೆರಳುತ್ತದೆ: ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ ಹುಟ್ಟಿನಿಂದ ಬೆನ್ನುಹತ್ತಿದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ದೌರ್ಜನ್ಯ ಕಂಡವರ ರಕ್ತದಲ್ಲಿ 32ನೇ ವಯಸ್ಸಿಗೂ ಉರಿಯೂತದ ಗುರುತು ಹೆಚ್ಚಿತ್ತು.

ಹರೆಯ ಬಂದಾಗ ಮಿದುಳು ಇನ್ನೊಮ್ಮೆ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಆಗ ಹಳೆಯ ಪೆಟ್ಟಿನ ಪರಿಣಾಮ ಹೊರಗೆ ಕಾಣತೊಡಗುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಚಿಕಿತ್ಸೆ ಬೇಡುವ ಮಾನಸಿಕ ತೊಂದರೆ ಇತ್ತು. ತಿದ್ದಲು ಅವಕಾಶ ಇರುವುದೂ ಇದೇ ವಯಸ್ಸಿನಲ್ಲಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

3. ಗುಳೆ ಹೋದ ಮನೆ

1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಗಂಗಾವತಿ ಸೀಮೆಗೆ ಭತ್ತ ಕೊಟ್ಟಿತು, ಅಕ್ಕಿ ಗಿರಣಿ ಕೊಟ್ಟಿತು. ಯಲಬುರ್ಗಾ, ಕುಷ್ಟಗಿಯ ಬಹುಪಾಲು ಹೊಲ ಇಂದಿಗೂ ಮುಗಿಲು ನೋಡುತ್ತವೆ. ಮಳೆ ಕೈಕೊಟ್ಟ ವರ್ಷ ಅಲ್ಲಿನ ಜನ ಬೆಂಗಳೂರು, ಮಂಗಳೂರು, ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ.

ಆ ಹೊರಡುವ ಸಂಜೆಯನ್ನು ನೀವೆಲ್ಲ ನೋಡಿದ್ದೀರಿ. ಬಸ್ ನಿಲ್ದಾಣದಲ್ಲಿ ಜೋಳದ ಹಿಟ್ಟಿನ ಚೀಲ, ಹಾಸಿಗೆಯ ಗಂಟು, ಬುಟ್ಟಿಯಲ್ಲಿ ಪಾತ್ರೆ, ಸೊಂಟದ ಮೇಲೆ ಕೂಸು. ಹಾಲು ಕುಡಿಯುವ ಕೂಸು ಅವ್ವನ ಜತೆ ಹೋಗುತ್ತದೆ. ಶಾಲೆಗೆ ಹೋಗುವ ಇಬ್ಬರು ಮುತ್ಯಾ, ಆಯಿ ಹತ್ತಿರ ಉಳಿಯುತ್ತಾರೆ. ಹನ್ನೊಂದು ವರ್ಷದ ಹುಡುಗಿ ಅವತ್ತಿನಿಂದ ಆ ಮನೆಯ ಅವ್ವ. ನೀರು ತರುವುದು, ರೊಟ್ಟಿ ಬಡಿಯುವುದು, ತಮ್ಮನ ಜಳಕ, ಮುತ್ಯಾನ ಬಿಪಿ ಗುಳಿಗೆ, ಎಲ್ಲ ಅವಳ ಪಾಲಿಗೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲು ಸೋಮವಾರ ಗೈರು, ಆಮೇಲೆ ವಾರದಲ್ಲಿ ಮೂರು ದಿನ ಗೈರು, ಆಮೇಲೆ ಹೆಸರಷ್ಟೇ. ಜತೆಗೆ ಹೋದ ಮಕ್ಕಳ ಪಾಡು ಬೇರೆ: ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡು, ಗೊತ್ತಿಲ್ಲದ ಭಾಷೆ, ಗುರುತಿಲ್ಲದ ಗಂಡಸರ ನಡುವೆ ಇಡೀ ಹಗಲು.

ಹತ್ತಕ್ಕೆ ಬೆಳೆದ ಸ್ಯಾನ್ ಡಿಯೇಗೊದ ಪಟ್ಟಿಯಲ್ಲಿ ಬೇರೆಯಾದ ತಂದೆತಾಯಿಗೆ ಒಂದು ಸಾಲಿದೆ. ಹೊಟ್ಟೆಪಾಡಿಗೆ ಒಟ್ಟಿಗೇ ಊರು ಬಿಟ್ಟ ತಂದೆತಾಯಿಗೆ ಸಾಲಿಲ್ಲ. ಆ ಪಟ್ಟಿಯನ್ನು ಇದ್ದ ಹಾಗೆ ಈ ಮನೆಗೆ ತಂದರೆ ‘ನಿರ್ಲಕ್ಷ್ಯ’ ಎಂಬಲ್ಲಿ ಗುರುತು ಹಾಕಬೇಕಾಗುತ್ತದೆ. ಮಕ್ಕಳ ಊಟಕ್ಕೆಂದೇ ಕಲ್ಲು ಹೊರಲು ಹೋದ ತಾಯಿ ಆಗ ಆರೋಪಿಯಾಗುತ್ತಾಳೆ. ಮಳೆ, ಸಾಲ, ಉದ್ಯೋಗ ಖಾತ್ರಿಯ ಕೂಲಿ ಯಾವಾಗ ಕೈಗೆ ಬಂತು, ಇವೆಲ್ಲ ಆ ಕಾಗದದಿಂದ ಹೊರಗೇ ಉಳಿಯುತ್ತವೆ.

4. ಹತ್ತಿ ಹೂವು

ಕುಷ್ಟಗಿ, ಕೊಪ್ಪಳದ ಕಡೆ ಹೈಬ್ರಿಡ್ ಹತ್ತಿ ಬೀಜೋತ್ಪಾದನೆ ನಡೆಯುತ್ತದೆ. ಕೆಲಸದ ಬಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರುದಿನ ಅರಳುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಉಗುರಿನಿಂದ ಎಸಳು ಬಿಡಿಸಿ, ಗಂಡು ಭಾಗವನ್ನೆಲ್ಲ ತೆಗೆದು ಗುರುತು ಕಟ್ಟಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಅದಕ್ಕೆ ಒರೆಸಬೇಕು. ಇದನ್ನೇ ಜನ ಕ್ರಾಸಿಂಗ್ ಅನ್ನುವುದು. ಗಿಡದ ಎತ್ತರ, ಬೆರಳಿನ ಸಣ್ಣತನ ನೋಡಿ ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಹಚ್ಚುವುದು ಈ ಸೀಮೆಯಲ್ಲಿ ವರ್ಷಗಟ್ಟಲೆ ನಡೆದುಬಂತು. ಹೂ ಬಿಡುವ ತಿಂಗಳುಗಳು ಶಾಲೆಯ ಮೊದಲ ಅವಧಿಯ ತಿಂಗಳುಗಳೇ. ಕೀಟನಾಶಕದ ಎಣ್ಣೆ ಹೊಡೆದ ಗಿಡದ ನಡುವೆ ದಿನವಿಡೀ ನಿಂತ ಹುಡುಗಿಗೆ ತಲೆಸುತ್ತು, ಚರ್ಮದ ತುರಿಕೆ ಸಾಮಾನ್ಯ.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14ರ ಕೆಳಗಿನವರನ್ನು ಕೂಲಿಗೆ ಹಚ್ಚುವುದು ಪೂರ್ಣ ನಿಷಿದ್ಧ. ಆದರೆ ಶಾಲೆ ಮುಗಿದ ಮೇಲೆ ‘ಮನೆಯ ಕೆಲಸಕ್ಕೆ’ ನೆರವಾಗಬಹುದು ಎಂಬ ಬಾಗಿಲನ್ನು ಅದೇ ಕಾನೂನು ತೆರೆದಿಟ್ಟಿತು. ಹೊಲ ಯಾರದು, ಮುಂಗಡ ಯಾರದು ಎಂದು ಕೇಳುವವರು ಬಂದಾಗ ಎಲ್ಲ ಮಕ್ಕಳೂ ಅದೇ ಮನೆಯವರಾಗಿಬಿಡುತ್ತಾರೆ.

5. ಮದುವೆ ಎಂಬ ಪರಿಹಾರ

ಗುಳೆ ಹೋಗುವ ಮನೆಗೆ ಹರೆಯದ ಹುಡುಗಿ ಒಂದು ಚಿಂತೆ. ಮುತ್ಯಾನ ಹತ್ತಿರ ಬಿಟ್ಟರೆ ಕಾವಲಿಲ್ಲ. ಶೆಡ್ಡಿಗೆ ಕರೆದೊಯ್ದರೆ ಅಂಜಿಕೆ. ಹೈಸ್ಕೂಲು ಬೇರೆ ಊರಲ್ಲಿ, ಬಸ್ಸಿನ ಭರವಸೆಯಿಲ್ಲ. ಕೊನೆಗೆ ಸೋದರಮಾವನೋ ಅತ್ತೆಯ ಮಗನೋ ಸಿದ್ಧವಾಗಿರುತ್ತಾನೆ. 2019-20ರಲ್ಲಿ ರಾಜ್ಯದಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ಕಾನೂನು ಗಟ್ಟಿಯಾಗಿದೆ. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಇಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟು 18ರ ಕೆಳಗಿನ ಹೆಂಡತಿಯೊಡನೆ ಸಂಭೋಗವೂ ಅತ್ಯಾಚಾರ ಎಂದಿತು. ಕಾನೂನು ಬಿಗಿಯಾದಷ್ಟೂ ದವಾಖಾನೆಯ ದಾರಿ ಕಿರಿದಾದದ್ದೂ ಉಂಟು. 18ರ ಕೆಳಗಿನ ಬಸುರಿ ಹುಡುಗಿ ಬಂದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮನೆಯವರು ಅಂಜಿ ತಾಯಿ ಕಾರ್ಡಿನಲ್ಲಿ ವಯಸ್ಸು ಏರಿಸಿ ಬರೆಸುತ್ತಾರೆ, ಇಲ್ಲವೆ ಕರೆತರುವುದೇ ಇಲ್ಲ. ನಂಜು, ರಕ್ತಹೀನತೆ, ಕಡಿಮೆ ತೂಕದ ಕೂಸು ಇವು ಈ ವಯಸ್ಸಿನ ಬಸಿರಿನಲ್ಲಿ ಹೆಚ್ಚು ಎಂಬುದು ಗೊತ್ತಿದ್ದೂ ಹೀಗಾಗುತ್ತದೆ.

ಕೊಪ್ಪಳ ತಾಲೂಕಿನ ಹಳ್ಳಿಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ‘ಸ್ಫೂರ್ತಿ’ ಯೋಜನೆ ಬೇರೆ ದಾರಿ ಹಿಡಿಯಿತು. ಕಿಶೋರಿಯರ ಗುಂಪು ಕಟ್ಟಿ, ಅವರಲ್ಲೇ ಮುಂದಾಳುಗಳನ್ನು ಬೆಳೆಸಿ, ಅಪ್ಪಂದಿರನ್ನೂ ಹುಡುಗರನ್ನೂ ಮಾತಿಗೆ ಕೂರಿಸಿತು. ಮದುವೆ ನಿಲ್ಲಿಸಲು ಅಧಿಕಾರಿಯ ಜೀಪು ಒಂದು ದಿನ ಬರಬಹುದು. ಅಪ್ಪನ ಮನಸ್ಸು ತಿರುಗಿದರೆ ಜೀಪು ಬರುವ ಪ್ರಸಂಗವೇ ಇರುವುದಿಲ್ಲ.

6. ಜಾತಿಯ ಪೆಟ್ಟು

ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಅಂತರರಾಷ್ಟ್ರೀಯ ಪ್ರಶ್ನಾವಳಿ ಸ್ಯಾನ್ ಡಿಯೇಗೊದ ಹಳೆಯ ಪಟ್ಟಿಯನ್ನು ಹಿಗ್ಗಿಸಿ ಓರಗೆಯವರ ಹಿಂಸೆ, ಬೀದಿಯ ಹಿಂಸೆ, ಸಾಮೂಹಿಕ ಹಿಂಸೆಗಳನ್ನು ಸೇರಿಸಿತು. ಮದುವೆಯಾದ ವಯಸ್ಸನ್ನೂ ಕೇಳುತ್ತದೆ. ನಮಗೆ ಹತ್ತಿರದ ಪಟ್ಟಿ ಇದು. ಜಾತಿಯನ್ನು ಮಾತ್ರ ನಾವೇ ಸೇರಿಸಿಕೊಳ್ಳಬೇಕು.

2014ರ ಆಗಸ್ಟ್ 28ರಂದು ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಲಾಯಿತು. ಹೋಟೆಲು, ಕ್ಷೌರದಂಗಡಿಗೆ ಪ್ರವೇಶವಿಲ್ಲದ ಹಳೆಯ ಕಹಿ ಅದರ ಹಿಂದಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮುಂದೆ ಮೇಲ್ಮನವಿ, ಜಾಮೀನು ಆದವು. ತೀರ್ಪಿನ ಸುದ್ದಿ ದೇಶವೆಲ್ಲ ಹಬ್ಬಿತು. ನಾನು ಇಲ್ಲಿ ಕೇಳುವುದು ನಡುವಿನ ಹತ್ತು ವರ್ಷಗಳ ಬಗ್ಗೆ. ಬೆಂಕಿ ಬಿದ್ದಾಗ ಎಂಟು ವರ್ಷದ ಮಗು ತೀರ್ಪು ಬರುವಾಗ ಹದಿನೆಂಟು. ಇಡೀ ಹರೆಯವನ್ನು ಅದು ಸಾಕ್ಷಿ, ವಾಯಿದೆ, ಅದೇ ಬೀದಿಯಲ್ಲಿ ಅದೇ ಮುಖಗಳ ನಡುವೆ ಕಳೆದಿದೆ.

2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿಹೋಯಿತೆಂದು ಮನೆಯವರಿಗೆ ಶುದ್ಧಿಯ ಖರ್ಚೆಂದು ದಂಡ ಹಾಕಲಾಯಿತು. ಪ್ರಕರಣ ದಾಖಲಾಯಿತು, ಬಂಧನಗಳಾದವು. ಮಗುವಿಗೆ ಆ ದಿನ ನೆನಪಿರಲಾರದು. ತಾಯಿ ಮುಂದೆ ಅದರ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದು ನಡೆಸಿರಬಹುದು ಎಂಬುದನ್ನು ಮಾತ್ರ ಯೋಚಿಸಿ. ಅಂಜಿಕೆ ಮಕ್ಕಳಿಗೆ ದಾಟುವುದು ಇಂಥ ಹಿಡಿತದಲ್ಲೇ.

ದೇವದಾಸಿ ಪದ್ಧತಿಯ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ದೇವದಾಸಿ ತಾಯಂದಿರ ಮಕ್ಕಳು ಶಾಲೆಗೆ ಸೇರುವ ದಿನವೇ ಅರ್ಜಿಯ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ನಿಂತವರು. ಹೊಡೆತವಿಲ್ಲ, ಬೈಗುಳವಿಲ್ಲ, ಬರೀ ಒಂದು ಖಾಲಿ ಗೆರೆ. ಅದನ್ನು ತರಗತಿಯೆದುರು ಗಟ್ಟಿಯಾಗಿ ಓದಿದಾಗ ಮಗುವಿನ ಮೈಯಲ್ಲಿ ಏಳುವ ಕಾರ್ಟಿಸಾಲ್ ಅದೇ ಕಾರ್ಟಿಸಾಲ್.

7. ದವಾಖಾನೆಯ ಬಾಗಿಲಲ್ಲಿ

ಇಷ್ಟೆಲ್ಲ ಹೊತ್ತುಕೊಂಡ ಹುಡುಗಿ ದವಾಖಾನೆಗೆ ಬಂದು ‘ನನಗೆ ಆಘಾತ ಆಗಿದೆ’ ಅನ್ನುವುದಿಲ್ಲ. ಜತೆಗೆ ಬಂದ ಆಯಿ ಹೇಳುತ್ತಾಳೆ: ‘ತಲಿ ಬ್ಯಾನಿ, ಹೊಟ್ಟಿ ಬ್ಯಾನಿ ಅಂತಾಳ್ರಿ. ಸಾಲ್ಯಾಗ ಎರಡು ಸಲ ಬಿದ್ದಾಳ. ಗಾಳಿ ಸೋಕೇತಿ ಅಂದ್ರು, ತಾಯ್ತಾ ಕಟ್ಟಿಸೇವಿ. ಒಂದು ಸೂಜಿ ಮಾಡ್ರಿ ಸಾಹೇಬ್ರ.’ ರಕ್ತ ನೋಡಿದರೆ ಹಿಮೋಗ್ಲೋಬಿನ್ ಕಡಿಮೆಯೇ ಇರುತ್ತದೆ. ದೇಶದಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಕಬ್ಬಿಣದ ಗುಳಿಗೆ ಬರೆದು ಕಳಿಸಿದರೆ ತಪ್ಪೇನೂ ಅಲ್ಲ. ‘ಮನ್ಯಾಗ ಯಾರ್ಯಾರು ಅದೀರಿ ಅವ್ವಾ?’ ಎಂದು ಇನ್ನೊಂದು ಮಾತು ಕೇಳಿದ್ದರೆ ಅರ್ಧ ರೋಗನಿದಾನ ಅಲ್ಲೇ ಆಗುತ್ತಿತ್ತು.

ಹುಡುಗರು ದವಾಖಾನೆಗೆ ಬರುವುದೇ ಇಲ್ಲ. ಅವರು ಗುಟ್ಕಾದ ಅಂಗಡಿಯಲ್ಲಿ, ಜಗಳದಲ್ಲಿ, ಕುಡಿದು ಓಡಿಸಿದ ಬೈಕಿನ ಅಪಘಾತದಲ್ಲಿ ಸಿಗುತ್ತಾರೆ. ಅವರನ್ನು ನಾವು ‘ಉಡಾಳ’ ಎಂದು ಕರೆದು ಕಡತ ಮುಚ್ಚುತ್ತೇವೆ.

ವ್ಯವಸ್ಥೆ ಇಲ್ಲವೆಂದಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ನಡೆಸಿದ್ದು ಹೊಳೆಯಾಚೆಯ ಬಳ್ಳಾರಿಯಲ್ಲಿ. 2014ರಲ್ಲಿ ಹದಿಹರೆಯದವರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ಬಂತು; ನಮ್ಮಲ್ಲಿ ಅದರ ಸ್ನೇಹ ಕ್ಲಿನಿಕ್‌ಗಳಿವೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್, 1098ಕ್ಕೆ ಮಕ್ಕಳ ಸಹಾಯವಾಣಿ. ಆದರೆ ಕ್ಲಿನಿಕ್ಕಿನ ಹೊತ್ತೂ ಶಾಲೆಯ ಹೊತ್ತೂ ಒಂದೇ ಆದರೆ, ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳಿಸಿದರೆ ಹುಡುಗಿ ಎರಡನೇ ಸಲ ಬರುವುದಿಲ್ಲ.

8. ಅಂಕ ಹಚ್ಚುವ ಅಪಾಯ

ಇತ್ತೀಚೆಗೆ ಕೆಲವು ಕಡೆ ಸ್ಯಾನ್ ಡಿಯೇಗೊದ ಪಟ್ಟಿಯ ಅನುಭವಗಳನ್ನು ಎಣಿಸಿ ಒಂದೊಂದು ಮಗುವಿಗೂ ಆಘಾತದ ಅಂಕ ಕೊಡುವ ಉಮೇದು ಕಾಣುತ್ತದೆ. ಅದನ್ನು ಬೇಡವೆಂದವರಲ್ಲಿ ಮೂಲ ಅಧ್ಯಯನ ನಡೆಸಿದ ರಾಬರ್ಟ್ ಆಂಡಾ ಅವರೇ ಒಬ್ಬರು. 2020ರಲ್ಲಿ ಅವರು, ಈ ಅಂಕ ಸಮುದಾಯದ ಸ್ಥಿತಿ ತಿಳಿಯಲು ತಕ್ಕದ್ದು, ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ತಕ್ಕದ್ದಲ್ಲ ಎಂದು ಎಚ್ಚರಿಸಿದರು. ಆರು ಅಂಕದ ಹುಡುಗ ಆರೋಗ್ಯವಾಗಿ ಬೆಳೆಯಬಹುದು, ಒಂದೇ ಅಂಕದ ಹುಡುಗಿ ಕುಸಿಯಬಹುದು. ಶಾಲೆಯಲ್ಲಿ ಅಂಕ ಬರೆದಿಟ್ಟರೆ ಅದೂ ಇನ್ನೊಂದು ಜಾತಿಯಾಗುತ್ತದೆ.

ಪೆಟ್ಟು ಹಣೆಬರಹವಲ್ಲ ಎನ್ನಲು ರೊಮೇನಿಯಾದ ಬುಕಾರೆಸ್ಟಿನ ಅನಾಥಾಲಯಗಳ 136 ಮಕ್ಕಳ ಮೇಲೆ ನಡೆದ ಅಧ್ಯಯನ ಸಾಕ್ಷಿ. ಪ್ರೀತಿಯ ಮನೆಗಳಿಗೆ ಹೋದ ಮಕ್ಕಳು, ಅದರಲ್ಲೂ ಎರಡು ವರ್ಷದೊಳಗೆ ಹೋದವರು, ಗಣನೀಯವಾಗಿ ಚೇತರಿಸಿಕೊಂಡರು. ದೊಡ್ಡ ಮಕ್ಕಳಿಗೇನು ದಾರಿ ಎಂಬುದಕ್ಕೆ ಬಿಹಾರದ ನಳಂದಾ ಜಿಲ್ಲೆಯ 74 ಹೈಸ್ಕೂಲುಗಳಲ್ಲಿ ನಡೆದ ‘ಸೆಹೆರ್’ ಪ್ರಯೋಗ ನೋಡಬೇಕು. ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ, ಪೀಡನೆ, ಹಿಂಸೆ ಇಳಿದವು. ಅದೇ ಕೆಲಸವನ್ನು ಶಿಕ್ಷಕರಿಗೇ ಹೆಚ್ಚುವರಿಯಾಗಿ ಹೊರಿಸಿದ ಶಾಲೆಗಳಲ್ಲಿ ಫಲ ಕಾಣಲಿಲ್ಲ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊತ್ತ ಮೇಷ್ಟ್ರಿಗೆ ಇದನ್ನೂ ಹೊರಿಸಬೇಡಿ ಎಂಬುದು ಆ ಪ್ರಯೋಗದಿಂದ ನಾನು ಕಲಿಯುವ ಪಾಠ.

9. ಊರಿನ ಲೆಕ್ಕ

ಹಾಗಾದರೆ ಏನು ಮಾಡಬೇಕು? ದಸರೆಯ ಹೊತ್ತಿಗೆ ಪ್ರತಿ ಗ್ರಾಮ ಪಂಚಾಯಿತಿ ಗುಳೆಯ ದಾಖಲೆ ತೆರೆಯಲಿ. ಯಾವ ಮನೆಯ ಯಾವ ಮಗು ಉಳಿಯಿತು, ಅದರ ಹೊಣೆ ಯಾವ ದೊಡ್ಡವರದು, ಅದರಲ್ಲಿರಲಿ. ಋತುಮಾನದ ವಸತಿ ಶಾಲೆಗಳು ಜನ ಬಸ್ಸು ಹತ್ತಿದ ಮೇಲೆ ತೆರೆಯುವ ಬದಲು ಅದಕ್ಕೆ ಮೊದಲೇ ತೆರೆಯಲಿ. ಮೊರಾರ್ಜಿ ಶಾಲೆ, ಕಸ್ತೂರಬಾ ಶಾಲೆ, ಗವಿಮಠದಂಥ ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳಿದ್ದಾರೆ. ಅಲ್ಲಿನ ವಾರ್ಡನ್, ಅಡುಗೆಯವರು, ಕಾವಲುಗಾರ ಇವರೇ ಆ ಮಕ್ಕಳ ದಿನದ ದೊಡ್ಡವರು. ಕಷ್ಟದಲ್ಲಿರುವ ಮಕ್ಕಳಿಗಾಗಿ ನಿಮ್ಹಾನ್ಸ್ ನಡೆಸುವ ‘ಸಂವಾದ’ದ ತರಬೇತಿ ಮೊದಲು ಅವರಿಗೆ ಸಿಗಲಿ. ನಾಲ್ಕೈದು ಹೈಸ್ಕೂಲಿಗೆ ಒಬ್ಬ ಆಪ್ತಸಲಹೆಗಾರ್ತಿ ಇರಲಿ. ಸ್ನೇಹ ಕ್ಲಿನಿಕ್ ಸಂಜೆ ತೆರೆಯಲಿ, ಬಾಗಿಲಿರುವ ಕೋಣೆಯಲ್ಲಿ ನಡೆಯಲಿ. ದೌರ್ಜನ್ಯ ನಡೆದ ಊರಿಗೆ ಪರಿಹಾರದ ಚೆಕ್ಕಿನ ಜತೆ ಮಕ್ಕಳ ಮನಸ್ಸಿನ ಆರೈಕೆಯೂ ಹೋಗಲಿ, ಪ್ರಕರಣ ಮುಗಿಯುವವರೆಗೂ ಇರಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಇಲಾಖೆ ಬೇಕಿಲ್ಲ. ಕೇಳುವವರು ಬೇಕು. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಮೊಟ್ಟೆಗೆ ವಿರೋಧ ಬಂದಾಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಿಂತು, ನಮಗೆ ಮೊಟ್ಟೆ ಬೇಕು ಎಂದು ನಿರ್ಭಿಡೆಯಿಂದ ಹೇಳಿದಳು. ರಾಜ್ಯವೇ ಅದನ್ನು ಕೇಳಿಸಿಕೊಂಡಿತು. ತಮಗೇನು ಬೇಕೆಂದು ನಮ್ಮ ಮಕ್ಕಳಿಗೆ ಗೊತ್ತಿದೆ.

ಕರ್ನಾಟಕದಲ್ಲಿ ಪ್ರತಿ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಅದು ಚಾಕೊಲೆಟ್ ಹಂಚಿ ಫೋಟೊ ತೆಗೆಯುವ ಸಭೆಯಾಗದಿರಲಿ. ಇಲ್ಲಿರುವ ವಿದ್ಯಾರ್ಥಿಗಳು ತಮ್ಮ ತಂಗಿ ತಮ್ಮಂದಿರಿಗೆ ನಾಲ್ಕು ಪ್ರಶ್ನೆ ಬರೆದುಕೊಡಿ: ಈ ಸಲ ಗುಳೆ ಹೋದ ಮನೆಯ ಮಕ್ಕಳು ಎಲ್ಲಿದ್ದಾರೆ? ಹತ್ತಿ ಹೊಲಕ್ಕೆ ಯಾರು ಹೋದರು? ಶಾಲೆ ಬಿಟ್ಟ ಹುಡುಗಿಗೆ ಏನಾಯಿತು? ಸ್ನೇಹ ಕ್ಲಿನಿಕ್ ಎಷ್ಟು ಹೊತ್ತಿಗೆ ತೆರೆಯುತ್ತದೆ? ಉತ್ತರ ಕೊಡಬೇಕಾದ ಪಂಚಾಯಿತಿ ಸದಸ್ಯರು, ಪಿಡಿಒ, ವೈದ್ಯರು, ಮುಖ್ಯಗುರುಗಳಲ್ಲಿ ಕೆಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ಈ ಉಪನ್ಯಾಸ ಅಚ್ಚಾಗಿ ಅವರ ಕೈಸೇರುವ ಮೊದಲೇ ಪ್ರಶ್ನೆಗಳು ಅವರನ್ನು ಮುಟ್ಟಲಿ.